ಆಕ್ಟೇವಿಯಾ ಕಾಂಬಿಯನ್ನು ತಗ್ಗಿಸಲು ಯಾವ ಸ್ಪ್ರಿಂಗ್, ಯಾವ ಶಾಕ್?

ಹೇಮಾವತಿ_ಹಾಸನ:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 2006ರ ಸ್ಕೋಡಾ ಆಕ್ಟೇವಿಯಾ ಕಾಂಬಿ (ಹಿಂದೆ ಉದ್ದನೆಯ ಡಿಕ್ಕಿಯಿರುವ ವ್ಯಾಗನ್ ಮಾದರಿ) ಇದೆ. 1.9 ಲೀಟರ್ ಡೀಸೆಲ್ ಎಂಜಿನ್, 195/65 ಆರ್ 15 ಟೈರು. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಒಯ್ದು ಆರ್‌ಸಿ ನವೀಕರಿಸಿಕೊಂಡಿದ್ದೇನೆ. ಎಂಜಿನ್ನಿನಲ್ಲಿ ತಕರಾರಿಲ್ಲ, ಬಾಡಿಯಲ್ಲಿ ತುಕ್ಕಿಲ್ಲ, ಇನ್ನೂ ಹಲವು ವರ್ಷ ಇದನ್ನೇ ಇಟ್ಟುಕೊಳ್ಳಬೇಕೆಂಬ ಆಸೆ ಇದೆ.

ನಮ್ಮ ದೇಶದ ರಸ್ತೆಗಳಿಗೆಂದು ಕಂಪನಿಯವರೇ ಎತ್ತರದ ಸ್ಪ್ರಿಂಗ್ ಹಾಕಿದ್ದರಿಂದ ಕಾರು ನಿಂತಾಗ ಟೈರಿಗೂ ಫೆಂಡರಿನ ಅಂಚಿಗೂ ನಡುವೆ ನಾಲ್ಕು ಬೆರಳು ಸರಾಗವಾಗಿ ಹೋಗುವಷ್ಟು ಸಂದು ಕಾಣುತ್ತದೆ. ಅಂದದ ಮಾತು ಹಾಗಿರಲಿ, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವಾಗ ತಿರುವಿನಿಂದ ತಿರುವಿಗೆ ಕಾರು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ವಾಲುವುದು ನನಗೆ ಹಿಡಿಸುತ್ತಿಲ್ಲ. ಆದ್ದರಿಂದ ಸುಮಾರು 40 ಮಿ.ಮೀ. ತಗ್ಗಿಸಬೇಕೆಂದು ಯೋಚಿಸುತ್ತಿದ್ದೇನೆ.

ಸದ್ಯ ನನ್ನ ಮುಂದೆ ನಾಲ್ಕು ದಾರಿಗಳಿವೆ. ಬೆಂಗಳೂರಿನಲ್ಲಿ ಗುಜರಿಗೆ ಬಂದಿರುವ ಆಕ್ಟೇವಿಯಾ ಆರ್‌ಎಸ್ (ಇದೇ ಕಾರಿನ ವೇಗದ ಮಾದರಿ) ಒಂದರ ಸ್ಪ್ರಿಂಗ್ ಮತ್ತು ಶಾಕ್‌ಗಳ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳ) ಪೂರ್ತಿ ಸೆಟ್ ಕಡಿಮೆ ಬೆಲೆಗೆ ಸಿಗುತ್ತಿದೆ. ಅದು ಬೇಡವೆಂದರೆ ಹೊರದೇಶದ ಗಿಡ್ಡ ಸ್ಪ್ರಿಂಗ್‌ಗಳನ್ನು ತರಿಸಿ ಈಗಿರುವ ಶಾಕ್‌ಗಳ ಮೇಲೆಯೇ ಕೂರಿಸಬಹುದು. ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್ಟಾದ ಕಾಯಿಲ್‌ಓವರ್ ಹಾಕಿಸಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇಲ್ಲಿನ ವರ್ಕ್‌ಶಾಪ್ ಒಂದರವರು, ಈಗಿರುವ ಸ್ಪ್ರಿಂಗಿನಲ್ಲೇ ಒಂದು ಸುತ್ತು ಕತ್ತರಿಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದಿದ್ದಾರೆ.

ಬಳಕೆಯನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಓಡಾಟ ಹೆದ್ದಾರಿ 75ರಲ್ಲಿ ಮತ್ತು ಬೇಲೂರು ರಸ್ತೆಯಲ್ಲಿ. ವಾರಕ್ಕೊಮ್ಮೆ ತೋಟಕ್ಕೆ ಹೋಗಬೇಕು, ಅಲ್ಲಿ ಕೊನೆಯ ತುಂಡು ಗೊಚ್ಚು ಮಣ್ಣಿನ ದಾರಿ, ನಡುವೆ ಒಂದು ಮೋರಿ. ಕಾಫಿ ಕೊಯ್ಲಿನ ಕಾಲದಲ್ಲಿ ಹಿಂದಿನ ಸೀಟು ಮಡಚಿ 50 ಕೆ.ಜಿ.ಯ ನಾಲ್ಕು ಮೂಟೆ ಹಾಕಿಕೊಂಡು ಬರುವುದುಂಟು. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.


ಕೈಮರ (ಚಿಕ್ಕಮಗಳೂರು):

ನಮಸ್ಕಾರ ಸರ್. ಎಷ್ಟು ತಗ್ಗಿಸಬೇಕೆಂಬುದಕ್ಕಿಂತ ಮೊದಲು, ತಗ್ಗಿಸಲು ನಿಮ್ಮ ಕಾರಿನಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಲೆಕ್ಕ ಹಾಕಬೇಕು. ಈ ಲೆಕ್ಕ ಸಾಮಾನ್ಯ ಆಕ್ಟೇವಿಯಾಕ್ಕೆ ಒಂದು ರೀತಿ, ಡಿಕ್ಕಿಯಲ್ಲಿ ಭಾರ ಹೊರುವ ಕಾಂಬಿಗೆ ಇನ್ನೊಂದು ರೀತಿ.

ಸಮತಟ್ಟಾದ ನೆಲದಲ್ಲಿ, ಟ್ಯಾಂಕು ಅರ್ಧ ತುಂಬಿರುವಾಗ, ನಾಲ್ಕೂ ಚಕ್ರಗಳಲ್ಲಿ ಹಬ್ಬಿನ (ಚಕ್ರ ಕೂರುವ ನಡುಭಾಗದ) ನಡುಮಧ್ಯದಿಂದ ಫೆಂಡರಿನ ಅಂಚಿನವರೆಗೆ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎರಡೂ ಅಳತೆಯೊಳಗೆ ಸೇರಿಕೊಳ್ಳುತ್ತವೆ, ಹಬ್ಬಿನಿಂದ ಅಳೆದರೆ ಆ ಗೊಂದಲವಿಲ್ಲ. ಆಮೇಲೆ ನಾಲ್ಕು ಮೂಟೆ ಹೇರಿ ಹಿಂದಿನ ಎರಡು ಚಕ್ರಗಳಲ್ಲಿ ಮತ್ತೊಮ್ಮೆ ಅಳೆಯಿರಿ. ಈ ಎರಡು ಅಳತೆಗಳ ವ್ಯತ್ಯಾಸವೇ ನಿಮ್ಮ ತೀರ್ಮಾನಕ್ಕೆ ಆಧಾರವಾಗಬೇಕು.

ಬರೀ ಅಂದಾಜಿಗೆ ಒಂದು ಲೆಕ್ಕ ಕೊಡುತ್ತೇನೆ. 200 ಕೆ.ಜಿ. ಹೊರೆಯೆಲ್ಲ ಹಿಂದಿನ ಎರಡು ಚಕ್ರಗಳ ಮೇಲೆಯೇ ಬಿತ್ತು ಎಂದುಕೊಳ್ಳೋಣ, ಅಂದರೆ ಒಂದು ಚಕ್ರಕ್ಕೆ 100 ಕೆ.ಜಿ., ಸುಮಾರು 980 ನ್ಯೂಟನ್. ಚಕ್ರದ ಬಳಿ ಸ್ಪ್ರಿಂಗಿನ ಗಡಸುತನ (ಒಂದು ಮಿ.ಮೀ. ಕುಸಿಯಲು ಬೇಕಾದ ಬಲ) ಮಿ.ಮೀ.ಗೆ 25 ನ್ಯೂಟನ್ ಇದ್ದರೆ ಹಿಂಭಾಗ 39 ಮಿ.ಮೀ. ಕುಸಿಯುತ್ತದೆ. ಖಾಲಿ ಕಾರಿನಲ್ಲಿ ಬಂಪ್ ಸ್ಟಾಪ್ (ಕುಸಿತವನ್ನು ಕೊನೆಯಲ್ಲಿ ತಡೆಯುವ ರಬ್ಬರು) ತಗಲುವವರೆಗೆ 90 ಮಿ.ಮೀ. ಜಾಗವಿದ್ದರೆ, ಮೂಟೆ ಹೇರಿದ ಮೇಲೂ 51 ಮಿ.ಮೀ. ಉಳಿಯುತ್ತದೆ. ಈಗ 40 ಮಿ.ಮೀ. ತಗ್ಗಿಸಿ, ಗಡಸುತನವನ್ನು 30ಕ್ಕೆ ಏರಿಸಿದಿರಿ ಎನ್ನಿ. ಹೊರೆಗೆ ಕುಸಿಯುವುದು 33 ಮಿ.ಮೀ.ಗೆ ಇಳಿದರೂ ಕೊನೆಗೆ ಉಳಿಯುವುದು 17 ಮಿ.ಮೀ. ಮಾತ್ರ. ಬೇಲೂರು ರಸ್ತೆಯ ಸಾಧಾರಣ ಗುಂಡಿಯೊಂದು ಅಷ್ಟನ್ನು ನುಂಗಿಬಿಡುತ್ತದೆ. ಅಲ್ಲಿಂದ ಮುಂದೆ ಕಾರು ಸ್ಪ್ರಿಂಗಿನ ಮೇಲೆ ಓಡದೆ ರಬ್ಬರಿನ ಮೇಲೆ ಓಡುತ್ತದೆ, ತಿರುವಿನ ನಡುವೆ ಹಾಗಾದರೆ ಹಿಂಚಕ್ರದ ಹಿಡಿತ ಇದ್ದಕ್ಕಿದ್ದಂತೆ ತಪ್ಪುತ್ತದೆ. ನಿಮ್ಮ ಕಾರಿನ ನಿಜವಾದ ಅಂಕಿಗಳು ಬೇರೆ ಇರಬಹುದು, ಆದರೆ ಲೆಕ್ಕದ ಕ್ರಮ ಇದೇ.

ಇನ್ನು ನೀವು ಹೇಳಿದ ನಾಲ್ಕು ದಾರಿಗಳ ವಿಚಾರ. ಸ್ಪ್ರಿಂಗ್ ಕತ್ತರಿಸುವುದನ್ನು ಮೊದಲಿಗೇ ಕೈಬಿಡಿ. ಸುರುಳಿ ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೆಯ ಘಾತದಷ್ಟು ಏರುತ್ತದೆ, ಸುರುಳಿಯ ವ್ಯಾಸದ ಮೂರನೆಯ ಘಾತದಷ್ಟು ಇಳಿಯುತ್ತದೆ, ಕೆಲಸ ಮಾಡುವ ಸುತ್ತುಗಳು ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ಶೇ. 20ರಷ್ಟು ಏರುತ್ತದೆ, ನಿಜ. ಆದರೆ ಕಾರ್ಖಾನೆಯಲ್ಲಿ ತಟ್ಟೆಗೆ ಹೊಂದುವಂತೆ ಮಡಿಸಿದ್ದ ತುದಿ ಹೋಗಿ, ಗ್ರೈಂಡರಿನ ಬಿಸಿಗೆ ಹದ ಕೆಟ್ಟ ಚೂಪಾದ ತುದಿ ಉಳಿಯುತ್ತದೆ. ಅದು ರಬ್ಬರ್ ಸೀಟನ್ನು ಕೊರೆಯುತ್ತದೆ, ತುದಿಯಲ್ಲೇ ಬಿರುಕು ಹುಟ್ಟುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಗಿಡ್ಡವಾದ ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲಗೊಂಡು ಜಾಗ ತಪ್ಪಲೂಬಹುದು. ಒಳ್ಳೆಯ ತಯಾರಕರು ಸ್ಪ್ರಿಂಗನ್ನು ಗಿಡ್ಡ ಮಾಡುವಾಗ ತಂತಿಯ ದಪ್ಪವನ್ನೂ ಬದಲಿಸುತ್ತಾರೆ. 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಬಳಸಿದರೆ, ಉಳಿದೆಲ್ಲ ಅಷ್ಟೇ ಇದ್ದರೂ ಗಡಸುತನ ಸುಮಾರು ಶೇ. 38 ಹೆಚ್ಚುತ್ತದೆ. ಒಂದು ಮಿ.ಮೀ. ಇಷ್ಟು ದೊಡ್ಡ ಕೆಲಸ ಮಾಡುವಾಗ ಗರಗಸದಿಂದ ಅಂದಾಜಿನಲ್ಲಿ ಸಾಧಿಸುವುದು ಏನೂ ಇಲ್ಲ.

ಆರ್‌ಎಸ್ ಸೆಟ್ ಆಸೆ ಹುಟ್ಟಿಸುವಂಥದ್ದೇ. ನಮ್ಮಲ್ಲಿ 2004ರಲ್ಲಿ ಬಂದ ಆರ್‌ಎಸ್ 1.8 ಟರ್ಬೊ ಪೆಟ್ರೋಲ್ ಕಾರು, ತಳಹದಿ (ಪ್ಲಾಟ್‌ಫಾರ್ಮ್) ನಿಮ್ಮ ಕಾರಿನದೇ. ಅದೇ ತಳಹದಿಯ ಮೇಲೆ ನಾಲ್ಕನೆಯ ತಲೆಮಾರಿನ ಗಾಲ್ಫ್, ಬೋರಾ, ಮೊದಲ ಆಡಿ ಎ3 ಎಲ್ಲವೂ ನಿಂತಿರುವುದರಿಂದ ಬಿಡಿಭಾಗಗಳು ನಟ್ಟು ಬೋಲ್ಟಿನ ಮಟ್ಟಿಗೆ ಹೊಂದಿಕೊಳ್ಳುತ್ತವೆ. ಹೊಂದಿಕೊಂಡ ಮಾತ್ರಕ್ಕೆ ಸರಿಯಾಯಿತೆಂದಲ್ಲ. ಈ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಏಸಿ ಇವುಗಳ ಒಟ್ಟು ತೂಕ ನೋಡಿ ಸ್ಪ್ರಿಂಗನ್ನು ಆರಿಸುತ್ತಾರೆ. ಸ್ಪ್ರಿಂಗಿನ ಮೇಲೆ ಬಳಿದ ಬಣ್ಣದ ಚುಕ್ಕೆಗಳು ಅದರ ಗುರುತು. ಒಂದೇ ಹೆಸರಿನ ಎರಡು ಕಾರುಗಳಲ್ಲಿ ಚುಕ್ಕೆಗಳು ಬೇರೆ ಬೇರೆ ಇರುವುದು ಇದರಿಂದಲೇ. ಅದಕ್ಕಿಂತ ಮುಖ್ಯವಾಗಿ, ಗುಜರಿಯ ಆರ್‌ಎಸ್ ಸಾಮಾನ್ಯ ಬಾಡಿಯ ಕಾರು, ಕಾಂಬಿ ಅಲ್ಲ. ಅದರ ಹಿಂದಿನ ಸ್ಪ್ರಿಂಗನ್ನು ನಿಮ್ಮ ಕಾರಿಗೆ ಹಾಕಿದರೆ ಖಾಲಿ ಇರುವಾಗಲೇ ಹಿಂಭಾಗ ಮುಂಭಾಗಕ್ಕಿಂತ ಹೆಚ್ಚು ತಗ್ಗಬಹುದು, ಮೂಟೆ ಹೇರಿದಾಗ ಮೂತಿ ಮೇಲಕ್ಕೆದ್ದು ಎದುರಿನವರ ಕಣ್ಣಿಗೆ ಹೆಡ್‌ಲೈಟು ಹೊಡೆಯುತ್ತದೆ. ಇಷ್ಟು ವರ್ಷ ಓಡಿದ ಶಾಕ್‌ಗಳ ಒಳಗಿನ ಸವೆತವಂತೂ ಹೊರಗಿನಿಂದ ಕಾಣುವುದಿಲ್ಲ. ಹಳೆಯ ಶಾಕ್ ಅಗ್ಗವಾಗಿ ಸಿಕ್ಕಿತೆಂದು ಹಾಕಿಸುವುದು ನನ್ನ ಮಟ್ಟಿಗೆ ಸರಿಯಾದ ಉಳಿತಾಯವಲ್ಲ.

ನನ್ನ ಸಲಹೆ ಇಷ್ಟು. ಕಾಂಬಿಗೆಂದೇ ಕ್ಯಾಟಲಾಗಿನಲ್ಲಿ ನಮೂದಾಗಿರುವ, 25ರಿಂದ 30 ಮಿ.ಮೀ. ಮಾತ್ರ ತಗ್ಗಿಸುವ ಸ್ಪ್ರಿಂಗ್‌ಗಳನ್ನು ತರಿಸಿ. ಐಬಾಕ್, ಎಚ್ ಅಂಡ್ ಆರ್ ಮುಂತಾದವರ ಕ್ಯಾಟಲಾಗುಗಳಲ್ಲಿ ಕಾರಿನ ಹೆಸರಿನ ಜೊತೆಗೆ ಮುಂದಿನ ಮತ್ತು ಹಿಂದಿನ ಆಕ್ಸಲ್ ತಡೆಯಬಹುದಾದ ಭಾರದ ಮಿತಿಯನ್ನೂ ಕೊಟ್ಟಿರುತ್ತಾರೆ, ನಿಮ್ಮ ಕೈಪಿಡಿಯಲ್ಲಿರುವ ಆಕ್ಸಲ್ ಭಾರದೊಂದಿಗೆ ತಾಳೆ ನೋಡಿ. ಜೊತೆಗೆ ಹೊಸ ಶಾಕ್‌ಗಳನ್ನೂ ಹಾಕಿಸಿ. ಬಿಲ್‌ಸ್ಟೈನ್‌ನವರಲ್ಲಿ ಬಿ6 ಎಂಬುದು ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ಎಂಬುದು ತಗ್ಗಿಸಿದ ಸ್ಪ್ರಿಂಗಿಗೆಂದು ಗಿಡ್ಡ ಮಾಡಿದ್ದು. ಮೂಲ ಶಾಕ್ ಮೇಲೆ ಗಿಡ್ಡ ಸ್ಪ್ರಿಂಗ್ ಕೂರಿಸಿದರೆ ಅದರ ದಂಡ ಸದಾ ಒಳಗೆ ಹೆಚ್ಚು ಸೇರಿಕೊಂಡೇ ಓಡುತ್ತದೆ, ಏರಿಸಿದ ಗಡಸುತನವನ್ನು ತಡೆದು ನಿಲ್ಲಿಸುವ ಶಕ್ತಿಯೂ ಅದಕ್ಕಿರುವುದಿಲ್ಲ. ಪರಿಣಾಮವಾಗಿ ಪ್ರತಿ ಹಂಪಿನ ನಂತರವೂ ಹಿಂಭಾಗ ಎರಡು ಮೂರು ಸಲ ಕುಪ್ಪಳಿಸುತ್ತದೆ.


ಮಂಜರಾಬಾದ್ (ಸಕಲೇಶಪುರ):

ಕೈಮರ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ನಿಜವಾದ ದೂರು ಘಾಟಿಯ ತಿರುವಿನಲ್ಲಿ ಕಾರು ವಾಲುತ್ತದೆ ಎಂಬುದು. ತಗ್ಗಿಸಿದರೆ ವಾಲುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಅರ್ಧ ಮಾತ್ರ ನಿಜ.

ಈ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿ ಜೋಡಿಸಿದ್ದು. ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವಿಗೆ ರೋಲ್ ಸೆಂಟರ್ ಎನ್ನುತ್ತಾರೆ, ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಅದರ ಎತ್ತರ ನಿಂತಿದೆ. ಕಾರನ್ನು ತಗ್ಗಿಸಿದಾಗ ಲೋವರ್ ಆರ್ಮ್‌ನ ಒಳತುದಿ ಬಾಡಿಯೊಂದಿಗೆ ಕೆಳಗಿಳಿಯುತ್ತದೆ, ಚಕ್ರದ ಕಡೆಯ ತುದಿ ಇದ್ದಲ್ಲೇ ಇರುತ್ತದೆ. ಹೀಗೆ ಆರ್ಮ್ ಹೊರಕ್ಕೆ ಹೋದಂತೆ ಮೇಲಕ್ಕೇರುವ ಸ್ಥಿತಿಗೆ ಬಂದಾಗ ರೋಲ್ ಸೆಂಟರ್ ಬಾಡಿಗಿಂತ ಹೆಚ್ಚು ವೇಗವಾಗಿ ಕೆಳಗೆ ಜಾರುತ್ತದೆ. ಕಾರಿನ ಭಾರಕೇಂದ್ರ 40 ಮಿ.ಮೀ. ಇಳಿದರೆ ರೋಲ್ ಸೆಂಟರ್ ಅದಕ್ಕಿಂತ ಹೆಚ್ಚು ಇಳಿದಿರುತ್ತದೆ, ಎರಡರ ನಡುವಿನ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆ ಅಂತರವೇ ಬಾಡಿಯನ್ನು ವಾಲಿಸುವ ಸನ್ನೆಗೋಲು. ಆದ್ದರಿಂದ ಗಡಸುತನ ಏರಿಸದೆ ಎತ್ತರ ಮಾತ್ರ ಇಳಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲಿದರೂ ಆಶ್ಚರ್ಯವಿಲ್ಲ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಕೋನವೂ ಜೊತೆಯಲ್ಲೇ ಬದಲಾಗುವುದರಿಂದ ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಸ್ಟೀರಿಂಗ್ ತನ್ನಷ್ಟಕ್ಕೆ ಸ್ವಲ್ಪ ಎಳೆಯುತ್ತದೆ. ಗಾಲ್ಫ್, ಬೋರಾಗಳನ್ನು ಅತಿಯಾಗಿ ತಗ್ಗಿಸಿದವರಿಗೆ ಡ್ರೈವ್ ಶಾಫ್ಟು (ಚಕ್ರ ತಿರುಗಿಸುವ ದಂಡ) ಆಂಟಿ ರೋಲ್ ಬಾರಿಗೂ (ವಾಲುವುದನ್ನು ತಡೆಯುವ ಅಡ್ಡ ಸರಳು) ಚಾಸಿಗೂ ಉಜ್ಜಿದ್ದು ಆ ಕಾರುಗಳ ಅಭಿಮಾನಿಗಳಿಗೆಲ್ಲ ಗೊತ್ತಿರುವ ವಿಷಯ. 30 ಮಿ.ಮೀ.ನೊಳಗೆ ಇದ್ದರೆ ಆ ಭಯವಿಲ್ಲ.

ವಾಲುವಿಕೆಗೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ಮೊದಲು ನೋಡಿಸಿ. 2006ರ ಕಾರಿನಲ್ಲಿ ಲೋವರ್ ಆರ್ಮ್‌ನ ಹಿಂದಿನ ದೊಡ್ಡ ಬುಷ್ (ಕೀಲಿನ ರಬ್ಬರು), ಆಂಟಿ ರೋಲ್ ಬಾರಿನ ರಬ್ಬರ್‌ಗಳು, ಲಿಂಕ್ ರಾಡ್‌ಗಳು, ಸ್ಟ್ರಟ್ಟಿನ ಮೇಲಿನ ಟಾಪ್ ಮೌಂಟ್, ಇವೆಲ್ಲ ಒಂದಾದರೂ ಸಲ ಬದಲಾಗಿರದಿದ್ದರೆ ಅವುಗಳ ಆಯಸ್ಸು ಮುಗಿದಿರುತ್ತದೆ. ಬುಷ್‌ನ ರಬ್ಬರು ಹರಿದಿದ್ದರೆ ಬೆಳಕು ಬಿಟ್ಟು ನೋಡಿದಾಗ ಲೋಹದ ಕೊಳವೆಯ ಸುತ್ತ ಹರಿದ ಗುರುತು ಕಾಣುತ್ತದೆ. ಶಾಕಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಅದರ ಕೆಲಸ ಮುಗಿದಂತೆ. ಇಷ್ಟನ್ನು ಹೊಸದು ಮಾಡಿ, ಮೂಲ ಎತ್ತರದಲ್ಲೇ ಒಮ್ಮೆ ಮಾರನಹಳ್ಳಿಯಿಂದ ಕೆಳಗಿಳಿದು ನೋಡಿ. ಕಾರಿನ ಎತ್ತರದ ಮೇಲೆ ಹೊರಿಸಿದ್ದ ಅರ್ಧ ದೂರು ಅಲ್ಲಿಗೇ ಹೋಗಬಹುದು.

ಮಣ್ಣಿನ ದಾರಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ. ಅಂಥ ಮಣ್ಣಿನ ಹಾದಿಗೆ ಸಿದ್ಧಪಡಿಸುವ ಕಾರುಗಳನ್ನು ಯಾರೂ ತಗ್ಗಿಸುವುದಿಲ್ಲ, ಚಕ್ರಕ್ಕೆ ಮೇಲೆ ಕೆಳಗೆ ಹೆಚ್ಚು ಚಲನೆ ಸಿಗುವಂತೆ ಎತ್ತರದಲ್ಲೇ ಇಡುತ್ತಾರೆ. ಗಡಸುತನ ಮತ್ತು ಶಾಕಿನ ಹಿಡಿತದಿಂದ ಕಾರನ್ನು ಹದಕ್ಕೆ ತರುತ್ತಾರೆ. ನಿಮ್ಮ ಬಳಕೆ ಡಾಂಬರು, ಮಣ್ಣು ಎರಡರಲ್ಲೂ ಇರುವುದರಿಂದ ಎತ್ತರವನ್ನು ಸ್ವಲ್ಪವೇ ಬಿಟ್ಟುಕೊಟ್ಟು, ಶಾಕ್‌ಗಳಿಗೆ ಹೆಚ್ಚು ಹಣ ಹಾಕುವುದು ಜಾಣತನ.


ತೋಟದಹಾದಿ (ಮೂಡಿಗೆರೆ):

ನಾನು ಕಾಯಿಲ್‌ಓವರ್ ಪರವಾಗಿ ಮಾತಾಡುತ್ತೇನೆ. ಮೇಲಿನ ಇಬ್ಬರೂ ಅದನ್ನು ಮುಟ್ಟಲೇ ಇಲ್ಲ. ನಾಲ್ಕೂ ಮೂಲೆಗಳ ಎತ್ತರವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು ಎಂಬುದೇ ಅದರ ದೊಡ್ಡ ಗುಣ. ಬೇಸಿಗೆಯಲ್ಲಿ 30 ಮಿ.ಮೀ. ಇಳಿಸಿ, ಕೊಯ್ಲಿನ ಕಾಲಕ್ಕೆ ಹಿಂಭಾಗವನ್ನು ಮಾತ್ರ ಎತ್ತರಿಸಿ, ಮಳೆಗಾಲಕ್ಕೆ ಎಲ್ಲವನ್ನೂ ಮೇಲಕ್ಕೆ ತರಬಹುದು. ಈ ತಳಹದಿಯ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವುದರಿಂದ ಹಿಂದಿನ ಎತ್ತರ ಬದಲಿಸಲು ಸ್ಪ್ರಿಂಗಿನ ಕೆಳಗೋ ಮೇಲೋ ಕೂರುವ, ತಿರುಪಿನ ಮರೆಯಿರುವ ತಟ್ಟೆಯನ್ನು ತಿರುಗಿಸಿದರೆ ಸಾಕು, ಶಾಕಿಗೆ ಕೈ ಹಾಕಬೇಕಿಲ್ಲ. ಕಾಂಬಿಯಂಥ ಕಾರಿಗೆ, ಹೊರೆ ಒಮ್ಮೆ ಇದ್ದು ಒಮ್ಮೆ ಇಲ್ಲದಿರುವಾಗ, ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಯಾವುದಿದೆ?


ಕೈಮರ (ಚಿಕ್ಕಮಗಳೂರು):

ತೋಟದಹಾದಿ ಅವರೇ, ವಾದ ಸರಿಯಾಗಿದೆ, ಆದರೆ ನಮ್ಮ ಮಲೆನಾಡಿನ ಮಳೆಗಾಲ ಅದಕ್ಕೆ ಒಗ್ಗುವುದಿಲ್ಲ. ಮುಂದಿನ ಸ್ಟ್ರಟ್ಟಿನ ತಿರುಪಿನ ಮರೆಗಳು ಚಕ್ರದ ಒಳಗೋಡೆಗೆ ಎದುರಾಗಿ, ಕೆಸರು ನೇರವಾಗಿ ಚಿಮ್ಮುವ ಜಾಗದಲ್ಲೇ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಣ್ಣು ಆ ಮರೆಗಳಲ್ಲಿ ತುಂಬಿ ಒಣಗಿದ ಮೇಲೆ ಎತ್ತರವನ್ನು ಹಿಡಿದಿಡುವ ಲಾಕ್ ರಿಂಗ್ ಅಲುಗಾಡುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿನ ಮೈಯಿರುವ ದುಬಾರಿ ಸೆಟ್ಟುಗಳು ತಾಳಿಕೊಳ್ಳುತ್ತವೆ, ಅಗ್ಗದವು ತಾಳುವುದಿಲ್ಲ. ಅಲ್ಲದೆ ಎತ್ತರ ಬದಲಿಸಿದಾಗಲೆಲ್ಲ ಮುಂಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುವುದರಿಂದ ಪ್ರತಿ ಸಲವೂ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ವರ್ಷಕ್ಕೆ ಮೂರು ಬಾರಿ ಅದನ್ನು ತಪ್ಪದೆ ಮಾಡುವ ತಾಳ್ಮೆ ಇರುವವರಿಗೆ ಕಾಯಿಲ್‌ಓವರ್ ಆಗಬಹುದು. ನಿತ್ಯ ಬಳಕೆಯ ಕಾರಿಗೆ ನಾನು ಶಿಫಾರಸು ಮಾಡಲಾರೆ.

ಹಂಪುಗಳ ವಿಷಯ ಬಿಟ್ಟುಹೋಗಿತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಕಟ್ಟಿದ ಹಂಪು ರಸ್ತೆಯ ಉದ್ದಕ್ಕೆ 3.7 ಮೀಟರ್, ಎತ್ತರ 10 ಸೆಂ.ಮೀ. ಇರಬೇಕು. ಆಕ್ಟೇವಿಯಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2512 ಮಿ.ಮೀ. ಆದ್ದರಿಂದ ಅಂಥ ಹಂಪಿನ ಮೇಲೆ ನಾಲ್ಕೂ ಚಕ್ರಗಳು ಒಟ್ಟಿಗೆ ನಿಲ್ಲುತ್ತವೆ, ಹೊಟ್ಟೆ ತಗಲುವ ಪ್ರಶ್ನೆಯೇ ಬರುವುದಿಲ್ಲ. ತೊಂದರೆ ಕೊಡುವುದು ಊರೊಳಗೆ ಜನರೇ ಹಾಕಿಸಿಕೊಂಡ, ಒಂದು ಹೆಜ್ಜೆ ಅಗಲದ ಕಡಿದಾದ ದಿಣ್ಣೆಗಳು. ಮುಂಚಕ್ರ ದಾಟಿ ಇಳಿದು, ಹಿಂಚಕ್ರ ಇನ್ನೂ ಏರದಿರುವಾಗ ಆ ದಿಣ್ಣೆ ಪೂರ್ತಿಯಾಗಿ ಹೊಟ್ಟೆಯ ಕೆಳಗಿರುತ್ತದೆ. ನಿಮ್ಮ ತೋಟದ ದಾರಿಯಲ್ಲಿ ಜೀಪು, ಟ್ರ್ಯಾಕ್ಟರ್ ಓಡಿ ಎರಡು ಜಾಡುಗಳ ನಡುವೆ ಹುಲ್ಲು ಬೆಳೆದ ಏಣು ಎದ್ದಿದ್ದರೆ ಅದೂ ಇದೇ ಜಾತಿಯದ್ದು, ಎಂಜಿನ್ನಿನ ಸಂಪ್ (ತಳದ ಎಣ್ಣೆ ತೊಟ್ಟಿ) ಅದರ ಮೇಲೆಯೇ ಹಾದುಹೋಗುತ್ತದೆ. ಆ ಸಂಪ್ ಅಲ್ಯೂಮಿನಿಯಂನದು, ಕಲ್ಲು ಬಡಿದರೆ ತಗ್ಗು ಬೀಳುವುದಿಲ್ಲ, ಒಡೆಯುತ್ತದೆ. ತಗ್ಗಿಸುವುದಾದರೆ ಉಕ್ಕಿನ ಸಂಪ್ ಗಾರ್ಡ್ ಹಾಕಿಸಿ, ಅದರ ದಪ್ಪವನ್ನೂ ಗ್ರೌಂಡ್ ಕ್ಲಿಯರೆನ್ಸಿನಿಂದ ಕಳೆದು ಲೆಕ್ಕ ಹಾಕಿ.


ರತ್ನಗಿರಿ_ಬೋರೆ (ಚಿಕ್ಕಮಗಳೂರು):

ತಾಂತ್ರಿಕ ವಿಷಯ ಬಲ್ಲವರು ಹೇಳಿದ್ದಾರೆ, ನಾನು ಕಾನೂನಿನ ಭಾಗವನ್ನು ಮಾತ್ರ ತಿಳಿಸುತ್ತೇನೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ 4ನೇ ಉಪಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಬಿಡಿಭಾಗ ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಅಪಘಾತದ ನಂತರ ಸರ್ವೇಯರ್ ಕಂಡುಹಿಡಿದರೆ ಕ್ಲೇಮ್ ನಿಲ್ಲಿಸಲು ಅದು ಸಾಕು. ಮೂಲ ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ, ಮುಂದಿನ ಆರ್‌ಸಿ ನವೀಕರಣದ ತಪಾಸಣೆಗೆ ಬೇಕಾಗಬಹುದು.


ಹೇಮಾವತಿ_ಹಾಸನ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮೂಟೆ ಹೇರಿ ಅಳೆದು ನೋಡಿದೆ. ಹಿಂಭಾಗ ಎರಡೂ ಕಡೆ 40 ಮಿ.ಮೀ.ಗೆ ಹತ್ತಿರ ಹತ್ತಿರ ಕುಸಿಯಿತು, ಕೈಮರ ಅವರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದ್ದರಿಂದ 40 ಮಿ.ಮೀ. ತಗ್ಗಿಸುವ ಯೋಚನೆಯನ್ನು ಬಿಟ್ಟಿದ್ದೇನೆ. ಮೊದಲು ಬುಷ್, ಟಾಪ್ ಮೌಂಟ್‌ಗಳನ್ನು ಬದಲಿಸಿ, ಆರ್‌ಟಿಒ ಕಚೇರಿಯಿಂದ ಉತ್ತರ ಬಂದ ಮೇಲೆ ಕಾಂಬಿಗೆಂದೇ ಇರುವ 25 ಮಿ.ಮೀ.ನ ಸ್ಪ್ರಿಂಗ್ ಮತ್ತು ಗಿಡ್ಡ ಶಾಕ್‌ಗಳನ್ನು ಒಟ್ಟಿಗೆ ತರಿಸುತ್ತೇನೆ. ಇಲ್ಲಿನ ಮೆಕ್ಯಾನಿಕ್ ಅನುಭವಿ, ಆದರೆ ಈ ಕಾರಿನ ಸ್ಟ್ರಟ್ ಬಿಚ್ಚಿದವರಲ್ಲ. ಕೆಲಸದಲ್ಲಿ ಎಲ್ಲಿ ಎಚ್ಚರ ಬೇಕು ಎಂಬುದನ್ನು ತಿಳಿಸಿದರೆ ಅವರಿಗೆ ಓದಿ ಹೇಳುತ್ತೇನೆ. ಟೈರನ್ನೂ ಈಗಲೇ ಬದಲಿಸಬೇಕೇ?


ಕೈಮರ (ಚಿಕ್ಕಮಗಳೂರು):

ಟೈರಿನ ವಿಷಯ ಚಿಕ್ಕದು. ಈಗಿನ 195/65 ಆರ್ 15ರ ಒಟ್ಟು ವ್ಯಾಸ ಸುಮಾರು 634 ಮಿ.ಮೀ., 205/55 ಆರ್ 16ರದು ಸುಮಾರು 632. ಎತ್ತರ ಬಹುತೇಕ ಅದೇ ಉಳಿದು ಗೋಡೆ ಗಿಡ್ಡವಾಗುವುದರಿಂದ ಸ್ಟೀರಿಂಗ್ ಚುರುಕಾಗುತ್ತದೆ, ಆದರೆ ಗುಂಡಿಯ ಅಂಚು ತಗಲಿದಾಗ ರಿಮ್ ಬಾಗುವ ಸಂಭವವೂ ಹೆಚ್ಚುತ್ತದೆ. ಸ್ಪ್ರಿಂಗ್ ಹಾಕಿ ಕೆಲಕಾಲ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಮುಂಭಾಗದಲ್ಲಿ ಸ್ಟ್ರಟ್ಟಿನ ಕೆಳತುದಿ ಹಬ್ಬನ್ನು ಹೊತ್ತಿರುವ ಹಬ್ ಕ್ಯಾರಿಯರ್‌ನ ಒಳಗೆ ತೂರಿಕೊಂಡಿರುತ್ತದೆ. ಬೇರೆ ಎಷ್ಟೋ ಕಾರುಗಳಲ್ಲಿರುವಂತೆ ಎರಡು ಬೋಲ್ಟುಗಳ ತಟ್ಟೆ ಇಲ್ಲಿಲ್ಲ. ಕ್ಯಾರಿಯರ್‌ನ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಸೀಳಿದೆ, ಅಡ್ಡಲಾಗಿ ಒಂದು ಬೋಲ್ಟ್ ಅದನ್ನು ಬಿಗಿಹಿಡಿದಿದೆ. ಬೋಲ್ಟ್ ತೆಗೆದ ಮಾತ್ರಕ್ಕೆ ಸ್ಟ್ರಟ್ ಹೊರಬರುವುದಿಲ್ಲ. ಮೊಟ್ಟೆಯಾಕಾರದ ತಲೆಯುಳ್ಳ ಸ್ಪ್ರೆಡರ್ ಟೂಲನ್ನು ಆ ಸೀಳಿನೊಳಗೆ ಇಳಿಸಿ ಕಾಲು ಸುತ್ತು ತಿರುಗಿಸಿದಾಗ ಸೀಳು ತುಸು ಬಾಯಿ ಬಿಡುತ್ತದೆ, ಕ್ಯಾರಿಯರನ್ನು ನೇರ ಕೆಳಕ್ಕೆ ಒತ್ತಿದರೆ ಸ್ಟ್ರಟ್ ಜಾರುತ್ತದೆ. ಇದು ಗೊತ್ತಿಲ್ಲದವರು ಉಳಿ ಹಾಕಿ ಸುತ್ತಿಗೆಯಿಂದ ಬಡಿಯುತ್ತಾರೆ, ಆಗ ಸೀಳಿನ ಅಂಚು ಒಡೆದು ಇಡೀ ಕ್ಯಾರಿಯರನ್ನೇ ಬದಲಿಸಬೇಕಾಗುತ್ತದೆ. ಕ್ಯಾರಿಯರ್ ಕೆಳಗಿಳಿಯುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಎಳೆದುಕೊಳ್ಳದಂತೆ ಮೊದಲೇ ಬಿಡಿಸಿಡಬೇಕು. ಸ್ಪ್ರಿಂಗ್ ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ ಸಮನಾಗಿ ಬಿಗಿಯಬೇಕು. ಸ್ಪ್ರಿಂಗ್ ಎರಡು ತಟ್ಟೆಗಳ ನಡುವೆ ಕೈಯಲ್ಲಿ ಅಲುಗಾಡುವಷ್ಟು ಸಡಿಲವಾಗುವವರೆಗೆ ಮೇಲಿನ ನಟ್ಟಿಗೆ ಕೈ ಹಾಕಲೇಬಾರದು. ಟಾಪ್ ಮೌಂಟಿನ ಬೇರಿಂಗ್ ಮತ್ತು ಬಂಪ್ ಸ್ಟಾಪ್ ಹೊಸದೇ ಇರಲಿ. ಸ್ಪ್ರಿಂಗ್ ತಯಾರಕರು ಬಂಪ್ ಸ್ಟಾಪನ್ನು ಇಷ್ಟು ಕತ್ತರಿಸಿ ಎಂದು ಸೂಚಿಸಿದ್ದರೆ ಅಷ್ಟೇ ಕತ್ತರಿಸಬೇಕು.

ಹಿಂಭಾಗ ಸುಲಭ. ಅಡ್ಡ ಬೀಮಿನ ಕೆಳಗೆ ಜಾಕ್ ಕೊಟ್ಟು, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು, ಜಾಕನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಮೇಲಿನ ಮತ್ತು ಕೆಳಗಿನ ರಬ್ಬರ್ ಸೀಟುಗಳಲ್ಲಿ ಸ್ಪ್ರಿಂಗಿನ ತುದಿ ಕೂರುವ ತೋಡು ಇರುತ್ತದೆ, ಹೊಸ ಸ್ಪ್ರಿಂಗಿನ ತುದಿ ಅದರಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಇಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ), ಟೋ ಹೊಂದಿಸಲು ಅವಕಾಶವಿಲ್ಲ, ಅಲೈನ್‌ಮೆಂಟಿನಲ್ಲಿ ಸರಿಪಡಿಸುವುದು ಮುಂಭಾಗವನ್ನು ಮಾತ್ರ.

ಕೊನೆಯದಾಗಿ, ಬಹಳ ಕಡೆ ಮರೆತುಹೋಗುವ ಕೆಲಸ ಒಂದಿದೆ. ಲೋವರ್ ಆರ್ಮ್‌ಗಳ ಮತ್ತು ಹಿಂದಿನ ಬೀಮಿನ ಬುಷ್‌ಗಳಲ್ಲಿ ರಬ್ಬರು ಲೋಹಕ್ಕೆ ಅಂಟಿಕೊಂಡಿರುತ್ತದೆ, ಬೋಲ್ಟ್ ಬಿಗಿದ ಸ್ಥಿತಿಯೇ ಅದಕ್ಕೆ ನೆಟ್ಟಗಿನ ಸ್ಥಿತಿ. ಕಾರು ಲಿಫ್ಟಿನ ಮೇಲೆ ಚಕ್ರ ಜೋತು ಬಿದ್ದಿರುವಾಗ ಆ ಬೋಲ್ಟುಗಳನ್ನು ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡಿದ್ದು ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬುಷ್ ಬದಲಿಸದೆ ಎತ್ತರ ಮಾತ್ರ ಬದಲಿಸಿದಾಗಲೂ ಇದೇ ಆಗುತ್ತದೆ. ಆದ್ದರಿಂದ ಈ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ಚಕ್ರಗಳ ಮೇಲೆ ಇಳಿಸಿ, ನಾಲ್ಕೂ ಮೂಲೆಗಳನ್ನು ಒತ್ತಿ ಕುಲುಕಿ, ಹೊಸ ಎತ್ತರದಲ್ಲಿ ಕೂತ ಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಬುಷ್‌ಗಳನ್ನು ನೀವು ಮೊದಲು ಬದಲಿಸುವುದರಿಂದ, ಸ್ಪ್ರಿಂಗ್ ಹಾಕುವ ದಿನ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಬೇಕೆಂದು ಮೆಕ್ಯಾನಿಕ್‌ಗೆ ಈಗಲೇ ಹೇಳಿಡಿ. ಹೆಡ್‌ಲೈಟ್ ಮತ್ತು ಅಲೈನ್‌ಮೆಂಟನ್ನು ಅವತ್ತೇ ಒಮ್ಮೆ, ಸ್ಪ್ರಿಂಗ್ ತನ್ನ ಜಾಗದಲ್ಲಿ ಪೂರ್ತಿ ಕೂತ ಮೇಲೆ ಇನ್ನೊಮ್ಮೆ ನೋಡಿಸಿ.